ಗುಟ್ಟನ್ನು ಹೇಳದೆ ಗುರುತು ಹೇಳುವುದು

ಮೈಸೂರಿನ ಕುವೆಂಪುನಗರದ ಮನೆಯೊಂದರಲ್ಲಿ ಕುಳಿತ ವಿದ್ಯಾರ್ಥಿಯು ದೂರದ ಸರ್ವರಿನಲ್ಲಿರುವ ತನ್ನ ಅಂಕಪಟ್ಟಿಯನ್ನು ನೋಡಬಯಸುವನೆಂದು ಭಾವಿಸೋಣ. ತಾನು ಯಾರೆಂಬುದನ್ನು ಆತನು ಹೇಗೆ ರುಜುವಾತುಪಡಿಸಬೇಕು? ಗುಪ್ತಪದವನ್ನು ಹಾಗೆಯೇ ಕಳುಹಿಸಿದರೆ, ದಾರಿಯಲ್ಲಿ ಹೊಂಚುಹಾಕಿದವನು ಅದನ್ನು ಓದಿಕೊಳ್ಳುವನು.

1997ರಲ್ಲಿ ಪ್ರಕಟವಾದ ‘ಡೈಜೆಸ್ಟ್’ ವಿಧಾನವು ಇದಕ್ಕೊಂದು ಉಪಾಯವನ್ನು ಒದಗಿಸಿತು. ಸರ್ವರು ಮೊದಲು ‘ನಾನ್ಸ್’ ಎಂಬ ಹೊಸ ಸಂಕೇತವೊಂದನ್ನು ಕಳುಹಿಸುತ್ತದೆ. ವಿದ್ಯಾರ್ಥಿಯ ಬ್ರೌಸರು ಹೆಸರು, ಗುಪ್ತಪದ, ನಾನ್ಸ್, ಬೇಡಿದ ಪುಟದ ವಿಳಾಸ ಇವುಗಳನ್ನು ‘ಎಂಡಿ-5’ ಎಂಬ ಗಣಿತಸೂತ್ರದಲ್ಲಿ ಬೀಸಿ, 128 ಬಿಟ್ಟುಗಳ ಸಾರವನ್ನು ಮಾತ್ರ ಹಿಂದಿರುಗಿಸುತ್ತದೆ. ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದಷ್ಟೆ! ಸರ್ವರು ತಾನೂ ಅದೇ ಲೆಕ್ಕವನ್ನು ಮಾಡಿ, ಎರಡು ಉತ್ತರಗಳೂ ತಾಳೆಯಾದರೆ ಪುಟವನ್ನು ತೋರಿಸುತ್ತದೆ.

ಇದನ್ನು ರಚಿಸುವ ಪ್ರೋಗ್ರಾಮರನು ಎರಡು ಎಚ್ಚರಿಕೆಗಳನ್ನು ವಹಿಸಬೇಕು. ಹಳೆಯ ನಾನ್ಸನ್ನು ತಿರಸ್ಕರಿಸಬೇಕು. ಇಲ್ಲವಾದರೆ ಕಳ್ಳನು ಕದ್ದ ಉತ್ತರವನ್ನೇ ಮತ್ತೊಮ್ಮೆ ಒಪ್ಪಿಸುವನು. ಲೆಕ್ಕಕ್ಕಾಗಿ ಸರ್ವರಿನಲ್ಲಿಟ್ಟ ಗುಪ್ತಪದದ ಸಾರವನ್ನೂ ಜೋಪಾನಮಾಡಬೇಕು. ಅದು ಕಳುವಾದರೆ, ಆ ಸರ್ವರಿನ ಮಟ್ಟಿಗೆ ಗುಪ್ತಪದವೇ ಕಳುವಾದಂತೆ.

ನಮ್ಮ ಪಾಲಿನ ಹೊಣೆಯೂ ಉಂಟು. ಸುಲಭವಾದ ಗುಪ್ತಪದವನ್ನು ಆರಿಸಿಕೊಂಡರೆ, ಕಳ್ಳನು ಒಂದೊಂದೇ ಪದವನ್ನು ಬೀಸಿ, ಹಿಟ್ಟಿಗೆ ಹಿಟ್ಟನ್ನು ಹೋಲಿಸಿ ಅದನ್ನು ಕಂಡುಹಿಡಿಯಬಲ್ಲನು. ಎಂಡಿ-5 ದುರ್ಬಲವೆಂದು ತಿಳಿದುಬಂದುದರಿಂದ, 2015ರಲ್ಲಿ ಹೆಚ್ಚು ಬಲವಾದ ‘ಷಾ-256’ ಸೂತ್ರವನ್ನೂ ಈ ವಿಧಾನಕ್ಕೆ ಸೇರಿಸಲಾಯಿತು. ಆದರೆ ಡೈಜೆಸ್ಟ್ ಕಾಯುವುದು ಗುಪ್ತಪದವನ್ನು ಮಾತ್ರ. ಅಂಕಪಟ್ಟಿಯು ಬಯಲಿನಲ್ಲಿಯೇ ಸಾಗಿಬರುತ್ತದೆ. ಆದುದರಿಂದಲೇ ಇಂದು ಸಂಪರ್ಕವನ್ನೆಲ್ಲ ಗೂಢಲಿಪಿಯಿಂದ ಮುಚ್ಚುವ ‘ಎಚ್‌ಟಿಟಿಪಿಎಸ್’ ಏರ್ಪಾಡು ಸರ್ವತ್ರ ಬಳಕೆಗೆ ಬಂದಿದೆ.