ಗೆಲುವಿನ ಲೆಕ್ಕ, ಆದರದ ಲೆಕ್ಕ: ಮಿಶ್ರ ಸಮರಕಲೆಯ ಮಲ್ಲರು ಮತ್ತು ಪ್ರೇಕ್ಷಕ ಸಮೂಹ

ಅಖಾಡದಲ್ಲಿ ಗೆದ್ದವನಿಗೆ ಜಯಕಾರ, ಸೋತವನಿಗೆ ಮೌನ ಎಂಬುದು ಮಲ್ಲಯುದ್ಧವನ್ನು ಕುರಿತ ಸಾಮಾನ್ಯ ಗ್ರಹಿಕೆ. ಆದರೆ ಮಿಶ್ರ ಸಮರಕಲೆ ಎಂಬ ಹೆಸರಿನಲ್ಲಿ ಕಳೆದ ಮೂರು ದಶಕಗಳಲ್ಲಿ ಅಮೆರಿಕ, ಜಪಾನ್, ಬ್ರೆಜಿಲ್, ರಷ್ಯಾಗಳಲ್ಲಿ ಬೇರುಬಿಟ್ಟು ಈಗ ಜಗತ್ತಿನಾದ್ಯಂತ ಹಬ್ಬಿರುವ ಕಾಳಗದ ಇತಿಹಾಸವನ್ನು ಪರಿಶೀಲಿಸಿದಾಗ ಈ ಗ್ರಹಿಕೆ ಅರ್ಧಸತ್ಯವೆಂದು ಕಂಡುಬರುತ್ತದೆ. ಮುಷ್ಟಿಯುದ್ಧ, ಕುಸ್ತಿ, ಜೂಡೊ, ಜುಜುತ್ಸು, ಥಾಯ್ ಬಾಕ್ಸಿಂಗ್ ಮುಂತಾದ ಪದ್ಧತಿಗಳ ಪಟ್ಟುಗಳಿಗೆಲ್ಲ ಅವಕಾಶವಿರುವ ಈ ಕ್ರೀಡೆಯಲ್ಲಿ ಸೋತು ಜನರ ಪ್ರೀತಿಯನ್ನು ಗಳಿಸಿದವರಿದ್ದಾರೆ. ಗೆದ್ದ ಮರುಕ್ಷಣವೇ ಛೀಮಾರಿಗೆ ಗುರಿಯಾದವರಿದ್ದಾರೆ. ಒಂದು ದೇಶದಲ್ಲಿ ಖಳನೆನಿಸಿ ನೆರೆಯ ದೇಶದಲ್ಲಿ ಮನೆಮಾತಾದವರೂ ಇದ್ದಾರೆ. ಗೆಲುವಿನ ಲೆಕ್ಕವನ್ನು ಇಡುವವರು ತೀರ್ಪುಗಾರರು. ಆದರದ ಲೆಕ್ಕವನ್ನು ಇಡುವವರು ಪ್ರೇಕ್ಷಕರು. ಈ ಎರಡು ಲೆಕ್ಕಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಮೊದಲ ‘ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಷಿಪ್’ನಲ್ಲಿ ತೂಕದ ವರ್ಗಗಳಿರಲಿಲ್ಲ, ಅಂಕ ನೀಡುವ ತೀರ್ಪುಗಾರರೂ ಇರಲಿಲ್ಲ. ಅಂದು ಬ್ರೆಜಿಲಿನ ರಾಯ್ಸ್ ಗ್ರೇಸಿ ಎಂಬ, ಸುಮಾರು 80 ಕಿಲೋ ತೂಕದ ತೆಳುಮೈಯ ಯುವಕ ಒಂದೇ ರಾತ್ರಿ ಮೂವರನ್ನು ಸೋಲಿಸಿದ. ಬಲಿಷ್ಠನಾದ ಕೆನ್ ಶ್ಯಾಮ್‌ರಾಕ್ ಕೂಡ ಅವನಿಗೆ ಶರಣಾದ. ಸಣ್ಣವನು ದೊಡ್ಡವನನ್ನು ಕೆಡಹುವ ದೃಶ್ಯಕ್ಕೆ ಎಲ್ಲ ಕಾಲದಲ್ಲಿಯೂ ಇರುವ ಆಕರ್ಷಣೆ ಗ್ರೇಸಿಗೆ ಒದಗಿಬಂದಿತು. ಆದರೆ 1995ರ ಏಪ್ರಿಲ್‌ನಲ್ಲಿ ಇದೇ ಇಬ್ಬರು ಮತ್ತೆ ಎದುರಾದಾಗ ಕಾಳಗವು 36 ನಿಮಿಷಗಳ ಕಾಲ, ಬಹುಮಟ್ಟಿಗೆ ನೆಲದ ಮೇಲೆಯೇ ನಡೆದು ಸಮಬಲದಲ್ಲಿ ಮುಗಿಯಿತು. ಅದೇ ಮಲ್ಲರು, ಅದೇ ವಿದ್ಯೆ. ಪ್ರೇಕ್ಷಕರು ಮಾತ್ರ ಕೂಗಿ ಅಸಮಾಧಾನ ವ್ಯಕ್ತಪಡಿಸಿದರು. ಮೊದಲ ಸಲ ವಿಸ್ಮಯವಾಗಿದ್ದದ್ದು ಎರಡನೆಯ ಸಲ ಬೇಸರವಾಯಿತು. ನೆಲದ ಮೇಲೆ ಮಲಗಿದವರ ನಡುವೆ ಹಿಡಿತಕ್ಕಾಗಿ, ಒಂದು ಅಂಗುಲ ಜಾಗಕ್ಕಾಗಿ ನಡೆಯುವ ಹೋರಾಟವನ್ನು ಓದಬಲ್ಲ ಕಣ್ಣು ಅಂದಿನ ಪ್ರೇಕ್ಷಕನಿಗೆ ಇನ್ನೂ ಬಂದಿರಲಿಲ್ಲ.

ಈ ಮಾತಿಗೆ ಇನ್ನೂ ಹಿಂದಿನ ಸಾಕ್ಷ್ಯವೊಂದಿದೆ. 1976ರ ಜೂನ್ 26ರಂದು ಟೋಕಿಯೊದ ಬುಡೊಕಾನ್ ಸಭಾಂಗಣದಲ್ಲಿ ಮುಷ್ಟಿಯುದ್ಧದ ವಿಶ್ವವಿಜೇತ ಮುಹಮ್ಮದ್ ಅಲಿ ಮತ್ತು ಜಪಾನಿನ ವೃತ್ತಿಪರ ಕುಸ್ತಿಪಟು ಆಂಟೊನಿಯೊ ಇನೊಕಿ ಎದುರಾದರು. ನಿಯಮಗಳ ನಿರ್ಬಂಧಕ್ಕೆ ಒಳಗಾಗಿದ್ದ ಇನೊಕಿ ಹದಿನೈದು ಸುತ್ತುಗಳ ಬಹುಭಾಗವನ್ನು ಬೆನ್ನ ಮೇಲೆ ಮಲಗಿ ಅಲಿಯ ಕಾಲುಗಳಿಗೆ ಒದೆಯುತ್ತಲೇ ಕಳೆದ. ಪಂದ್ಯ ಸಮವಾಯಿತು, ಜನ ರೊಚ್ಚಿಗೆದ್ದು ಕಸ ಎಸೆದರು, ಪತ್ರಿಕೆಗಳು ಅದನ್ನು ಪ್ರಹಸನವೆಂದು ಹೀಯಾಳಿಸಿದವು. ಆದರೆ ಅಲಿಯ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟಿ ಚಿಕಿತ್ಸೆ ಪಡೆಯಬೇಕಾಯಿತು ಎಂಬುದು ವಾಸ್ತವ. ಮಿಶ್ರ ಸಮರಕಲೆ ಬೆಳೆದು, ಕಾಲಿನ ಒದೆತದ ಬೆಲೆ ಜನರಿಗೆ ತಿಳಿದ ಮೇಲೆ ಅದೇ ಪಂದ್ಯವನ್ನು ಈ ಕ್ರೀಡೆಯ ಮುನ್ಸೂಚನೆಯೆಂದು ಗೌರವದಿಂದ ಸ್ಮರಿಸತೊಡಗಿದರು. ಜನಾದರವು ನೈತಿಕ ತೀರ್ಪು ಮಾತ್ರವಲ್ಲ, ತಿಳಿವಳಿಕೆಯ ಪ್ರಶ್ನೆಯೂ ಹೌದು.

ಗ್ರೇಸಿ ಕುಟುಂಬದ ಕೀರ್ತಿಯ ಇನ್ನೊಂದು ಮಗ್ಗುಲು ಜಪಾನಿನಲ್ಲಿ ತೆರೆದುಕೊಂಡಿತು. ಅಲ್ಲಿ ವೃತ್ತಿಪರ ಕುಸ್ತಿಗೆ ಅಪಾರ ಅಭಿಮಾನಿಗಳಿದ್ದರು. ಅದರ ಫಲಿತಾಂಶ ಮೊದಲೇ ನಿಗದಿಯಾಗಿರುತ್ತದೆ ಎಂಬುದು ಗುಟ್ಟೇನಲ್ಲ. ಆದರೂ ಕುಸ್ತಿಪಟುಗಳು ನಿಜಕ್ಕೂ ಬಲ್ಲಿದರು ಎಂಬ ನಂಬಿಕೆ ಗಟ್ಟಿಯಾಗಿತ್ತು. 1997ರ ಅಕ್ಟೋಬರ್‌ನಲ್ಲಿ ಟೋಕಿಯೊ ಡೋಮ್‌ನಲ್ಲಿ ನಡೆದ ಮೊದಲ ‘ಪ್ರೈಡ್’ ಕೂಟದಲ್ಲಿ ರಿಕ್ಸನ್ ಗ್ರೇಸಿಯು ಹೆಸರಾಂತ ಕುಸ್ತಿಪಟು ನೊಬುಹಿಕೊ ತಕಾದಾನನ್ನು ನಿರಾಯಾಸವಾಗಿ ಸೋಲಿಸಿದಾಗ, ಮರುವರ್ಷವೂ ಅದೇ ಪುನರಾವರ್ತನೆಯಾದಾಗ, ಆ ನಂಬಿಕೆಗೆ ಬಿದ್ದ ಪೆಟ್ಟು ಸಣ್ಣದಾಗಿರಲಿಲ್ಲ. ಅದನ್ನು ಎತ್ತಿ ನಿಲ್ಲಿಸಿದವನು ತಕಾದಾನ ಬಳಗದಲ್ಲಿಯೇ ಬೆಳೆದ ಕಝುಶಿ ಸಕುರಾಬಾ. 1999ರಲ್ಲಿ ಅವನು ರಾಯ್ಲರ್ ಗ್ರೇಸಿಯನ್ನು ಸೋಲಿಸಿದ. 2000ದ ಮೇ 1ರಂದು ರಾಯ್ಸ್ ಗ್ರೇಸಿಯ ಎದುರು ನಿಂತ. ಗ್ರೇಸಿ ಪಾಳೆಯದ ಬೇಡಿಕೆಯಂತೆ ಅಂದಿನ ಕಾಳಗಕ್ಕೆ ಸುತ್ತುಗಳ ಮಿತಿಯಿರಲಿಲ್ಲ. ಒಬ್ಬ ಶರಣಾಗಬೇಕು, ಇಲ್ಲವೆ ಅವನ ಕಡೆಯವರು ಟವೆಲ್ ಎಸೆಯಬೇಕು. ಒಂದೇ ಬಗೆಯ ಮುಖವಾಡ ಧರಿಸಿದ ಸಂಗಡಿಗರೊಡನೆ ನಗಿಸುತ್ತ ಅಖಾಡಕ್ಕೆ ಬಂದ ಸಕುರಾಬಾ, ಎದುರಾಳಿಯ ದಪ್ಪ ಅಂಗಿಯನ್ನೇ ಹಿಡಿದೆಳೆದು ಪೇಚಿಗೆ ಸಿಲುಕಿಸಿದ. ಹದಿನೈದು ನಿಮಿಷಗಳ ಆರು ಸುತ್ತುಗಳು, ಒಟ್ಟು ತೊಂಬತ್ತು ನಿಮಿಷಗಳು ಮುಗಿದಾಗ ಒದೆತಗಳಿಂದ ಕಾಲು ಸೋತ ರಾಯ್ಸ್ ಪರವಾಗಿ ಟವೆಲ್ ಬಿದ್ದಿತು.

ಇಲ್ಲಿಗೆ ಮುಗಿದಿದ್ದರೆ ಅದೊಂದು ದೊಡ್ಡ ಗೆಲುವು ಮಾತ್ರವಾಗಿರುತ್ತಿತ್ತು. ಅದೇ ರಾತ್ರಿ ಪಂದ್ಯಾವಳಿಯ ಮುಂದಿನ ಹಂತದಲ್ಲಿ ಸಕುರಾಬಾ ತನಗಿಂತ ಸುಮಾರು ಇಪ್ಪತ್ತು ಕಿಲೋ ಹೆಚ್ಚು ತೂಕದ, ಭಾರಿ ಹೊಡೆತಗಳಿಗೆ ಹೆಸರಾದ ಉಕ್ರೇನಿನ ಇಗೊರ್ ವೊವ್‌ಚಾಂಚಿನ್ ಎದುರು ಇಳಿದ. ಹದಿನೈದು ನಿಮಿಷ ಸರಿಸಮನಾಗಿ ಕಾದಾಡಿದ ಮೇಲೆ ಅವನ ಕಡೆಯವರು ಕಾಳಗವನ್ನು ನಿಲ್ಲಿಸಿದರು. ದಾಖಲೆಯಲ್ಲಿ ಅದು ಸೋಲು. ಜಪಾನಿನ ಪ್ರೇಕ್ಷಕರ ನೆನಪಿನಲ್ಲಿ ಅವನನ್ನು ಎತ್ತರಕ್ಕೇರಿಸಿದ್ದು ತೊಂಬತ್ತು ನಿಮಿಷಗಳ ಗೆಲುವಿನಷ್ಟೇ ಈ ಹದಿನೈದು ನಿಮಿಷಗಳ ಸೋಲೂ ಹೌದು. ಮೈಯಲ್ಲಿ ಉಳಿದುದನ್ನೆಲ್ಲ ಕೊಟ್ಟ ಎಂಬ ಭಾವನೆ ಹುಟ್ಟಿದ ಕಡೆ ಅಂಕಪಟ್ಟಿ ನಿರುಪಯುಕ್ತವಾಗುತ್ತದೆ. ಮುಂದೆ ವಾಂಡರ್ಲೆ ಸಿಲ್ವಾನಿಗೆ ಅವನು ಮೂರು ಬಾರಿ ಸೋತಾಗಲೂ ಜನ ಅವನನ್ನು ಬಿಟ್ಟುಕೊಡಲಿಲ್ಲ. ಅಂದಹಾಗೆ, ಅದೇ 2000ದಲ್ಲಿ ಸಕುರಾಬಾನ ಪಟ್ಟಿಗೆ ಸಿಕ್ಕಿ ತೋಳಿನ ಕೀಲು ತಪ್ಪಿದರೂ ಶರಣಾಗದೆ, ಬಳಿಕ ನೆಪ ಹೇಳದೆ ಎದುರಾಳಿಯನ್ನು ಹೊಗಳಿದ ರೆಂಜೊ ಗ್ರೇಸಿ ಕೂಡ ಆ ಜನರ ಗೌರವಕ್ಕೆ ಪಾತ್ರನಾದ. ಅವನ ಕುಟುಂಬದವರೆಲ್ಲರಿಗೂ ಈ ಮಾತು ಅನ್ವಯಿಸದು.

ಆದರ ಕಳೆದುಕೊಳ್ಳುವುದರ ಅತ್ಯಂತ ತೀಕ್ಷ್ಣವಾದ ನಿದರ್ಶನವೂ ಸಕುರಾಬಾನ ಹೆಸರಿನೊಂದಿಗೇ ಹೆಣೆದುಕೊಂಡಿದೆ. ಯೊಶಿಹಿರೊ ಅಕಿಯಾಮಾ ಒಸಾಕಾದಲ್ಲಿ ಕೊರಿಯನ್ ಮೂಲದ ಕುಟುಂಬದಲ್ಲಿ ಹುಟ್ಟಿದವನು. ಛೂ ಸಂಗ್-ಹೂನ್ ಎಂಬುದು ಅವನ ಕೊರಿಯನ್ ಹೆಸರು. ಜೂಡೊ ಸಾಧನೆಗಾಗಿ ದಕ್ಷಿಣ ಕೊರಿಯಾಕ್ಕೆ ಹೋದರೂ ಅಲ್ಲಿ ನೆಲೆ ಸಿಗದೆ ಹಿಂದಿರುಗಿ, 2001ರಲ್ಲಿ ಜಪಾನಿನ ಪೌರತ್ವ ಪಡೆದು, 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕೊರಿಯದ ಸ್ಪರ್ಧಿಯನ್ನೇ ಸೋಲಿಸಿ ಜಪಾನಿಗೆ ಚಿನ್ನ ತಂದುಕೊಟ್ಟ. 2006ರ ಡಿಸೆಂಬರ್ 31ರಂದು ಒಸಾಕಾದಲ್ಲಿ ಸಕುರಾಬಾನೊಡನೆ ನಡೆದ ಕಾಳಗದಲ್ಲಿ ಎದುರಾಳಿಯ ಮೈ ಜಾರುತ್ತಿದೆ ಎಂದು ಸಕುರಾಬಾ ಪದೇ ಪದೇ ದೂರಿದರೂ ಕಾಳಗ ಮುಂದುವರಿದು ಅಕಿಯಾಮಾ ಗೆದ್ದ. ಬಳಿಕ ಅವನು ಮೈಗೆ ಚರ್ಮದ ಲೇಪನ ಹಚ್ಚಿಕೊಂಡಿದ್ದುದು ಬಯಲಾಯಿತು. ಫಲಿತಾಂಶ ರದ್ದಾಯಿತು, ಅವನ ಮೇಲೆ ಅನಿರ್ದಿಷ್ಟ ಅವಧಿಯ ನಿಷೇಧ ಬಿದ್ದಿತು. ಒಣಚರ್ಮಕ್ಕಾಗಿ ಹಚ್ಚಿಕೊಂಡದ್ದು ಎಂಬ ಅವನ ಸಮಜಾಯಿಷಿಯನ್ನು ಕೇಳುವವರಿರಲಿಲ್ಲ. ಮಿಕ್ಕ ಯಾರೊಡನೆ ಈ ತಪ್ಪು ಮಾಡಿದ್ದರೂ ಇಷ್ಟು ರೋಷ ಹುಟ್ಟುತ್ತಿತ್ತೆ ಎಂಬುದು ಸಂದೇಹಾಸ್ಪದ. ಮೋಸಕ್ಕೆ ಒಳಗಾದವನು ಜನರ ಕಣ್ಮಣಿಯಾಗಿದ್ದ.

2007ರ ಕೊನೆಯ ದಿನ ಸೈತಾಮಾದಲ್ಲಿ ಕಝುವೊ ಮಿಸಾಕಿ ಅಕಿಯಾಮಾನನ್ನು ನೆಲಕ್ಕುರುಳಿಸಿದಾಗ ಸಭಾಂಗಣ ಹರ್ಷದಿಂದ ಮೊಳಗಿತು. ಮಿಸಾಕಿ ಅಲ್ಲಿಯೇ ಅವನಿಗೆ ಬುದ್ಧಿಮಾತನ್ನೂ ಹೇಳಿದ. ವಿಪರ್ಯಾಸವೆಂದರೆ, ನೆಲಕ್ಕೂರಿದ ಎದುರಾಳಿಗೆ ಒದ್ದದ್ದು ನಿಯಮಬಾಹಿರವೆಂದು ತೀರ್ಮಾನವಾಗಿ ಆ ಫಲಿತಾಂಶವೂ ಬಳಿಕ ರದ್ದಾಯಿತು. ಆದರೆ ಮಿಸಾಕಿಯ ಮೇಲೆ ಯಾರೂ ಕಿಡಿಕಾರಲಿಲ್ಲ. ಪ್ರೇಕ್ಷಕನ ನ್ಯಾಯಾಲಯದಲ್ಲಿ ನಿಯಮಭಂಗಕ್ಕೆ ಏಕರೂಪದ ದಂಡವಿಲ್ಲ. ಇತ್ತ ದಕ್ಷಿಣ ಕೊರಿಯದಲ್ಲಿ ನಡೆದದ್ದು ಬೇರೆಯೇ ಕಥೆ. ಒಂದು ಕಾಲಕ್ಕೆ ಅವನಿಗೆ ಬಾಗಿಲು ಮುಚ್ಚಿದ್ದ ಆ ದೇಶ, ಜಪಾನಿನಲ್ಲಿ ಅವನು ತಿರಸ್ಕೃತನಾದ ಮೇಲೆ ಅವನನ್ನು ಎರಡು ಕಡೆಯೂ ಪರಕೀಯನಾಗಿ ನೊಂದವನೆಂದು ಕಂಡಿತು. 2008ರಲ್ಲಿ ದೂರದರ್ಶನದ ಮಾತುಕತೆಯ ಕಾರ್ಯಕ್ರಮದಲ್ಲಿ ಅವನು ತನ್ನ ಬಾಳನ್ನು ಹೇಳಿಕೊಂಡ ಬಳಿಕ ಆ ಮರುಕ ಪ್ರೀತಿಯಾಗಿ ಬೆಳೆಯಿತು. ಪುಟ್ಟ ಮಗಳೊಡನೆ ಕಾಣಿಸಿಕೊಂಡ ಸರಣಿಯಿಂದ ಅವನು ಮನೆಮನೆಯ ಪರಿಚಿತನಾದ. ಮೈಗೆ ಹಚ್ಚಿದ ಲೇಪನ ಒಂದೇ. ಅದನ್ನು ಕಂಡ ಕಣ್ಣುಗಳಲ್ಲಿದ್ದ ಇತಿಹಾಸ ಬೇರೆ ಬೇರೆ.

ಬ್ರೆಜಿಲಿನ ಆಂಡರ್ಸನ್ ಸಿಲ್ವಾನ ವಿಷಯದಲ್ಲಿ ಒಂದೇ ಭಂಗಿ ಎರಡು ಅರ್ಥ ಪಡೆಯಿತು. 2006ರಿಂದ 2013ರವರೆಗೆ ಮಧ್ಯಮ ತೂಕದ ಪಟ್ಟವನ್ನಾಳಿದ ಇವನು ಕೈಗಳನ್ನು ಇಳಿಬಿಟ್ಟು, ಮುಖವನ್ನು ಮುಂದೊಡ್ಡಿ ಹೊಡೆತಗಳಿಂದ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಳ್ಳುತ್ತಿದ್ದ. 2010ರ ಏಪ್ರಿಲ್‌ನಲ್ಲಿ ಅಬುಧಾಬಿಯಲ್ಲಿ ಡೆಮಿಯನ್ ಮಾಯಾನೆದುರು ಕುಣಿದು ಅಣಕಿಸಿ, ಹೊಡೆಯದೆ ಕಾಲಹರಣ ಮಾಡಿ ಗೆದ್ದಾಗ ಜನ ಧಿಕ್ಕರಿಸಿದರು. ನಾಲ್ಕು ತಿಂಗಳ ಬಳಿಕ ಚೇಲ್ ಸೊನ್ನೆನ್ ಕೈಯಲ್ಲಿ ನಾಲ್ಕು ಸುತ್ತು ಜಜ್ಜಿಸಿಕೊಂಡು ಐದನೆಯ ಸುತ್ತಿನಲ್ಲಿ ಕಾಲುಗಳ ಹಿಡಿತದಿಂದ ಗೆದ್ದಾಗ ಅವರೇ ತಲೆಯ ಮೇಲೆ ಹೊತ್ತರು. ನಿರಾಯಾಸವಾದ ಗೆಲುವಿಗಿಂತ ನೋವು ತಿಂದ ಗೆಲುವನ್ನು ಜನ ಮೇಲೆಂದು ಬಗೆದರು. 2013ರ ಜುಲೈನಲ್ಲಿ ಅದೇ ಅಣಕದ ನಡುವೆ ಕ್ರಿಸ್ ವೈಡ್‌ಮನ್ ಅವನನ್ನು ಒಂದೇ ಹೊಡೆತಕ್ಕೆ ಕೆಡಹಿದಾಗ, ಏಳು ವರ್ಷ ಕಲೆಯೆನಿಸಿದ್ದು ಒಂದು ಕ್ಷಣದಲ್ಲಿ ಅಹಂಕಾರವೆನಿಸಿತು. 2015ರಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಹಿಂದಿನ ಗೆಲುವುಗಳ ಮೇಲೂ ನೆರಳು ಚೆಲ್ಲಿತು. ಕೆಡಹಿದವನ ಕೀರ್ತಿಯನ್ನು ಮುಂದೆ ಇನ್ನೊಬ್ಬ ಕೆಡಹಬಹುದು. ಮದ್ದಿನ ವರದಿ ಮಾತ್ರ ಕಾಲದಲ್ಲಿ ಹಿಂದಕ್ಕೆ ಹೋಗಿ ಕೆಲಸ ಮಾಡುತ್ತದೆ.

ಬಾಯಿಮಾತಿನ ವಿಷಯವನ್ನೂ ಇಲ್ಲಿ ಹೇಳಬೇಕು. ಡಬ್ಲಿನ್ನಿನಲ್ಲಿ ಕೊಳಾಯಿ ಕೆಲಸ ಕಲಿಯುತ್ತಿದ್ದ ಕಾನರ್ ಮೆಕ್‌ಗ್ರೆಗರ್ ಮಾತಿನಲ್ಲಿ ಹೇಳಿದ್ದನ್ನು ಕೈಯಲ್ಲಿ ಮಾಡಿ ತೋರಿಸಿದಷ್ಟು ಕಾಲ ಅವನ ಜಂಭ ಜನರಿಗೆ ಸೊಗಸೆನಿಸಿತು. 2015ರ ಡಿಸೆಂಬರ್‌ನಲ್ಲಿ ಜೋಸೆ ಆಲ್ಡೊನನ್ನು 13 ಸೆಕೆಂಡುಗಳಲ್ಲಿ ಕೆಡಹಿದ. ಮರುವರ್ಷ ನೇಟ್ ಡಿಯಾಜ್‌ಗೆ ಸೋತಾಗ ಸೋಲನ್ನು ನೇರವಾಗಿ ಒಪ್ಪಿಕೊಂಡು, ಅದೇ ಎದುರಾಳಿಯನ್ನು ಮತ್ತೆ ಎದುರಿಸಿ ಗೆದ್ದದ್ದು ಅವನ ಗೌರವವನ್ನು ಹೆಚ್ಚಿಸಿತೇ ಹೊರತು ಕುಗ್ಗಿಸಲಿಲ್ಲ. 2021ರ ಜುಲೈನಲ್ಲಿ ಕಾಲು ಮುರಿದು ನೆಲದ ಮೇಲೆ ಕುಳಿತೇ ಎದುರಾಳಿಯನ್ನೂ ಅವನ ಹೆಂಡತಿಯನ್ನೂ ನಿಂದಿಸುತ್ತಿದ್ದವನನ್ನು ಕಂಡವರಿಗೆ, ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದ ಜಟ್ಟಿಯ ಗಾದೆ ನೆನಪಾದರೆ ಆಶ್ಚರ್ಯವಿಲ್ಲ. ಅವನ ಆದರವನ್ನು ನಿಜವಾಗಿ ತಿಂದುಹಾಕಿದ್ದು ಪಂಜರದ ಹೊರಗಿನ ನಡತೆ: 2018ರಲ್ಲಿ ಬ್ರೂಕ್ಲಿನ್‌ನಲ್ಲಿ ಬಸ್ಸಿನ ಮೇಲೆ ನಡೆಸಿದ ದಾಳಿ, 2019ರಲ್ಲಿ ಡಬ್ಲಿನ್ನಿನ ಪಾನಗೃಹದಲ್ಲಿ ವಯಸ್ಸಾದ ವ್ಯಕ್ತಿಗೆ ಹೊಡೆದದ್ದು, ಕೊನೆಗೆ 2024ರ ನವೆಂಬರ್‌ನಲ್ಲಿ ಐರ್ಲೆಂಡಿನ ಹೈಕೋರ್ಟಿನ ಸಿವಿಲ್ ಜ್ಯೂರಿಯು ಲೈಂಗಿಕ ದೌರ್ಜನ್ಯಕ್ಕೆ ಅವನನ್ನು ಹೊಣೆಗಾರನನ್ನಾಗಿಸಿ ನೀಡಿದ ತೀರ್ಪು. ಇವುಗಳ ಎದುರು ಯಾವ ಪಟ್ಟದ ದಾಖಲೆಯೂ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇಲ್ಲ.

ಮಹಿಳೆಯರಿಗೆ ಈ ಸಂಸ್ಥೆಯ ಬಾಗಿಲು ತೆರೆಸಿದ ರೊಂಡಾ ರೌಸಿಯ ಪತನ ಇವೆಲ್ಲಕ್ಕಿಂತ ಹಠಾತ್ತಾದದ್ದು, ಬಹುಶಃ ಹೆಚ್ಚು ಅನ್ಯಾಯವಾದದ್ದೂ ಹೌದು. ಬೀಜಿಂಗ್ ಒಲಿಂಪಿಕ್ಸ್‌ನ ಜೂಡೊ ಕಂಚಿನ ಪದಕ ವಿಜೇತೆಯಾದ ಆಕೆ 2013ರಿಂದ ಎದುರಾಳಿಗಳನ್ನು ಬಹುಪಾಲು ಮೊದಲ ಸುತ್ತಿನಲ್ಲಿಯೇ ಮುಗಿಸಿದಳು. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಐವತ್ತಾರು ಸಾವಿರ ಪ್ರೇಕ್ಷಕರೆದುರು ಹಾಲಿ ಹೋಮ್‌ಳ ಒದೆತಕ್ಕೆ ಬಿದ್ದಾಗ ಅಪಹಾಸ್ಯದ ಮಹಾಪೂರವೇ ಹರಿಯಿತು. ಅಜೇಯತೆಯ ಮೇಲೆ ನಿಂತ ಆದರಕ್ಕೆ ಅಡಿಪಾಯ ಒಂದೇ ಇಟ್ಟಿಗೆಯದು. ಆಕೆ ಮಾಧ್ಯಮಗಳಿಂದ ದೂರ ಸರಿದದ್ದನ್ನು ಜನ ನೋವೆಂದು ಓದದೆ ಗರ್ವವೆಂದು ಓದಿದರು. ಹತ್ತು ವರ್ಷಗಳ ಹತ್ತಿರ ಅಜೇಯನಂತಿದ್ದ ರಷ್ಯದ ಫ್ಯೋದರ್ ಎಮೆಲಿಯಾನೆಂಕೊ 2010ರಲ್ಲಿ ಫ್ಯಾಬ್ರಿಸಿಯೊ ವೆರ್ಡುಮ್‌ಗೆ 69 ಸೆಕೆಂಡುಗಳಲ್ಲಿ ಶರಣಾಗಿ, ಬೆನ್ನಿಗೆ ಇನ್ನೆರಡು ಸೋಲುಂಡರೂ ಹಾಗಾಗಲಿಲ್ಲ. ಗೆದ್ದಾಗ ಹಿಗ್ಗದ ಮುಖ ಸೋತಾಗ ಕುಗ್ಗಿದಂತೆ ಕಾಣಲಿಲ್ಲ. 2023ರ ಫೆಬ್ರವರಿಯಲ್ಲಿ ತನ್ನ ಕೊನೆಯ ಕಾಳಗವನ್ನೂ ಮೊದಲ ಸುತ್ತಿನಲ್ಲಿ ಸೋತ ಅವನನ್ನು ಹಳೆಯ ತಲೆಮಾರಿನ ಮಲ್ಲರು ಪಂಜರದೊಳಗೆ ಬಂದು ಸುತ್ತುವರಿದು ಗೌರವಿಸಿದರು. ಒಂದೇ ಬಗೆಯ ಮೌನವನ್ನು ಗಂಡಿನಲ್ಲಿ ಗಾಂಭೀರ್ಯವೆಂದೂ ಹೆಣ್ಣಿನಲ್ಲಿ ಮುನಿಸೆಂದೂ ಎಣಿಸುವ ಅಭ್ಯಾಸವು ಈ ವ್ಯತ್ಯಾಸಕ್ಕೆ ಎಷ್ಟರಮಟ್ಟಿಗೆ ಕಾರಣವೆಂಬುದು ವಿಚಾರಾರ್ಹ.

ಆದರದಿಂದ ಮಲ್ಲನಿಗೆ ದೊರೆಯುವುದೇನು ಎಂಬ ಪ್ರಶ್ನೆಗೆ ಸಕುರಾಬಾನ ಉತ್ತರಾರ್ಧ ಅಹಿತಕರವಾದ ಉತ್ತರ ಕೊಡುತ್ತದೆ. ಅವನು ಎಂಥ ಏಟಿನಿಂದಲೂ ಚೇತರಿಸಿಕೊಳ್ಳಬಲ್ಲನೆಂಬ ನಂಬಿಕೆ ಜನರಲ್ಲಿ ಬೇರೂರಿದಂತೆ ಅವನ ಕಾಳಗಗಳನ್ನು ನಿಲ್ಲಿಸುವ ಕೈಗಳು ನಿಧಾನವಾದವು. 2006ರಲ್ಲಿ ಲಿಥುವೇನಿಯದ ಎದುರಾಳಿಯೊಬ್ಬನಿಂದ ಪ್ರಜ್ಞೆ ಮಸಕಾಗುವಷ್ಟು ಹೊಡೆತ ತಿಂದಾಗಲೂ ರೆಫರಿ ಅವಕಾಶ ಕೊಟ್ಟ. ಸಕುರಾಬಾ ತೋಳಿನ ಪಟ್ಟು ಹಾಕಿ ಗೆದ್ದೂಬಿಟ್ಟ. ಆ ಗೆಲುವು ಅವನ ಕಥೆಗೆ ಇನ್ನೊಂದು ಅಧ್ಯಾಯವನ್ನು ಸೇರಿಸಿತು. ಅವನ ಮೈಗೆ ಏನನ್ನು ಸೇರಿಸಿತೆಂಬುದನ್ನು ಕೇಳಿದವರು ಕಡಿಮೆ. 2015ರ ಡಿಸೆಂಬರ್ 29ರಂದು ಸೈತಾಮಾದಲ್ಲಿ, 46ನೆಯ ವಯಸ್ಸಿನಲ್ಲಿ, ಬಿಗಿಪಟ್ಟಿಗಳಿಂದ ಸುತ್ತಿದ ಮೊಣಕಾಲುಗಳಲ್ಲಿ ಅವನು ತನಗಿಂತ ಹದಿನಾಲ್ಕು ವರ್ಷ ಕಿರಿಯನಾದ ಶಿನ್ಯಾ ಅಓಕಿಯ ಎದುರು ನಿಂತ. ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬಿದ್ದು, ಎದುರೇಟಿಲ್ಲದೆ ನಿಮಿಷಗಟ್ಟಲೆ ಹೊಡೆತ ತಿಂದ. ರೆಫರಿ ತಡೆಯಲಿಲ್ಲ. ಐದು ನಿಮಿಷ ದಾಟಿದ ಬಳಿಕ, ಹದಿನೈದು ವರ್ಷಗಳ ಹಿಂದೆ ಗ್ರೇಸಿ ಪಾಳೆಯದಿಂದ ಬಂದಂತೆ, ಈಗ ಅವನ ಕಡೆಯಿಂದಲೇ ಟವೆಲ್ ಬಂದು ಬಿದ್ದಿತು.