ಕಾವಲಿಗೆಂದು ಹುಟ್ಟಿದ್ದಕ್ಕೇ ಕಾವಲು

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಮುನ್ನೂರರಷ್ಟು ಯಂತ್ರಗಳು ‘ಈಥೇನ್’ ಎಂಬ ಹೊಸ ಏರ್ಪಾಟಿಗೆ ಒಳಪಟ್ಟವು. ಯಾವ ಯಂತ್ರ ಯಾವುದರ ಜೊತೆ ಮಾತಾಡಬಹುದು ಎಂಬುದನ್ನು ಅಲ್ಲಲ್ಲಿನ ಸ್ವಿಚ್‌ಗಳು ತೀರ್ಮಾನಿಸುತ್ತಿರಲಿಲ್ಲ. ಅಪ್ಪಣೆ ಕೊಡುತ್ತಿದ್ದುದು ಒಂದೇ ಕಂಟ್ರೋಲರ್. ಸಂಶೋಧನಾ ವಿದ್ಯಾರ್ಥಿ ಮಾರ್ಟಿನ್ ಕಸಾಡೊ ಮತ್ತು ಸಂಗಡಿಗರು ಇದನ್ನು ಕಟ್ಟಿದ್ದೇ ಭದ್ರತೆಗಾಗಿ. ಮರುವರ್ಷ ಇದೇ ವಿಚಾರ, ಕಂಟ್ರೋಲರ್ ಮತ್ತು ಸ್ವಿಚ್‌ಗಳು ಮಾತಾಡಿಕೊಳ್ಳುವ ನಿಯಮಾವಳಿಯಾದ ‘ಓಪನ್‌ಫ್ಲೋ’ ಆಯಿತು. ಸಾಫ್ಟ್‌ವೇರ್ ಆಳುವ ನೆಟ್‌ವರ್ಕಿನ ಕಥೆ ಶುರುವಾದದ್ದು ಅಲ್ಲಿಂದ.

ಮೊಬೈಲ್ ಕಂಪನಿಗಳನ್ನು ಇದರತ್ತ ಸೆಳೆದದ್ದು ಖರ್ಚು. ಪ್ರತಿ ಕೆಲಸಕ್ಕೂ ಬೇರೆ ದುಬಾರಿ ಪೆಟ್ಟಿಗೆ ಕೊಳ್ಳುವ ಬದಲು ಸಾಮಾನ್ಯ ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ಓಡಿಸೋಣ ಎಂದು 2012ರ ಅಕ್ಟೋಬರ್‌ನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 13 ದೂರಸಂಪರ್ಕ ಕಂಪನಿಗಳು ಜಂಟಿ ಹೇಳಿಕೆ ಹೊರಡಿಸಿದವು. 2020ರಲ್ಲಿ ಜಪಾನಿನ ರಾಕುಟೆನ್ ಇದೇ ಬಗೆಯಲ್ಲಿ ಇಡೀ ಮೊಬೈಲ್ ಜಾಲ ಕಟ್ಟಿ ಸೇವೆ ಆರಂಭಿಸಿತು.

ಆದರೆ ಅಧಿಕಾರ ಒಂದೆಡೆ ಸೇರಿದರೆ ದಾಳಿಕೋರನ ಕಣ್ಣೂ ಅಲ್ಲೇ ನೆಡುತ್ತದೆ. ಹಿಂದೆಂದೂ ಕಾಣದ ವಿಳಾಸದ ಪ್ಯಾಕೆಟ್ ಬಂದರೆ ಸ್ವಿಚ್ ‘ಇದನ್ನು ಏನು ಮಾಡಲಿ?’ ಎಂದು ಕಂಟ್ರೋಲರನ್ನು ಕೇಳುತ್ತದೆ. ಸುಳ್ಳು ವಿಳಾಸಗಳ ಪ್ಯಾಕೆಟ್‌ಗಳನ್ನು ಒಂದರ ಹಿಂದೊಂದು ಸುರಿದರೆ ಸಾಕು, ಉತ್ತರ ಕೊಡುವುದರಲ್ಲೇ ಕಂಟ್ರೋಲರ್ ಸುಸ್ತಾಗಿ ನಿಜವಾದ ಗ್ರಾಹಕರು ಕಾಯುತ್ತಾ ಕೂರಬೇಕಾಗುತ್ತದೆ. ಇದಕ್ಕೆ 2013ರಲ್ಲಿ ಬಂದ ‘ಅವಾಂಟ್‌ಗಾರ್ಡ್’ ಎಂಬ ಸಂಶೋಧನೆ ಸೂಚಿಸಿದ ಮದ್ದು ನನಗೆ ಬಹಳ ಹಿಡಿಸಿತು: ಸಂಪರ್ಕ ಕೋರಿದವನ ಜೊತೆ ಮೊದಲು ಸ್ವಿಚ್ಚೇ ಟಿಸಿಪಿ ಕೈಕುಲುಕುವಿಕೆ (ಸಂಪರ್ಕದ ಆರಂಭದಲ್ಲಿ ನಡೆಯುವ ಸಂದೇಶ ವಿನಿಮಯ) ಮುಗಿಸುತ್ತದೆ. ಸುಳ್ಳು ವಿಳಾಸದವನಿಂದ ಮರುತ್ತರ ಬರುವುದಿಲ್ಲ, ಹಾಗಾಗಿ ಅವನ ಕೋರಿಕೆ ಕಂಟ್ರೋಲರ್‌ವರೆಗೆ ತಲುಪುವುದೇ ಇಲ್ಲ. ಇನ್ನೊಂದು ದಾಳಿ ಇದಕ್ಕಿಂತ ಸೂಕ್ಷ್ಮ. ಇಲ್ಲದ ಕೊಂಡಿ ಇದೆಯೆಂದು ನಂಬಿಸಿ, ಜಾಲದ ನಕ್ಷೆಯನ್ನೇ ಕೆಡಿಸಬಹುದು ಎಂದು 2015ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಕಂಟ್ರೋಲರ್ ಮತ್ತು ಸ್ವಿಚ್ ನಡುವಿನ ಮಾತನ್ನು ಗೂಢಲಿಪೀಕರಿಸಬೇಕು ಎಂಬುದು ತೀರಾ ಮೂಲಭೂತ ಎಚ್ಚರಿಕೆ. ಆದರೂ ಓಪನ್‌ಫ್ಲೋ 1.3 ಅದಿಲ್ಲದೆಯೂ ನಡೆಯಬಹುದು ಎಂದು ಬಿಟ್ಟುಕೊಟ್ಟಿತು. ಇದು ನನ್ನ ಮಟ್ಟಿಗೆ ಒಪ್ಪಲಾಗದ ಸಡಿಲಿಕೆ.

2018ರ 5ಜಿ ಮಾನದಂಡ ಈ ಪಾಠಗಳನ್ನು ಬಹುಮಟ್ಟಿಗೆ ಕಲಿತಿದೆ. ಜಾಲದೊಳಗಿನ ಒಂದು ಸಾಫ್ಟ್‌ವೇರ್ ಇನ್ನೊಂದರ ಸೇವೆ ಪಡೆಯಬೇಕಾದರೆ ಪರವಾನಗಿ ಟೋಕನ್ ತೋರಿಸಬೇಕು. ಒಳಗಿನವರೆಂದ ಮಾತ್ರಕ್ಕೆ ನಂಬಿಕೆಯಿಲ್ಲ. ಗ್ರಾಹಕನ ಗುರುತಿನ ವಿಷಯದಲ್ಲೂ ಬದಲಾವಣೆ ಆಗಿದೆ. 4ಜಿಯಲ್ಲಿ ನಕಲಿ ಟವರ್ ಕೇಳಿದರೂ ಫೋನು ಸಿಮ್‌ನ ಶಾಶ್ವತ ಸಂಖ್ಯೆಯನ್ನು ಬರಿಗಣ್ಣಿಗೆ ಕಾಣುವಂತೆ ಒಪ್ಪಿಸಿಬಿಡುತ್ತಿತ್ತು. 5ಜಿಯಲ್ಲಿ ಅದನ್ನು ತನ್ನ ಕಂಪನಿಯ ಸಾರ್ವಜನಿಕ ಕೀಲಿಯಿಂದ ಮರೆಮಾಚಿ ಕಳಿಸಬಹುದು. ಆದರೆ ಏನನ್ನೂ ಮರೆಮಾಚದ ‘ಶೂನ್ಯ ವಿಧಾನ’ವೂ ಅದೇ ಮಾನದಂಡದಲ್ಲಿದೆ, ಕಂಪನಿ ಬಯಸಿದರೆ ಅದನ್ನೇ ಆರಿಸಿಕೊಳ್ಳಬಹುದು. ಗುರುತಿನ ದೃಢೀಕರಣವಿಲ್ಲದೆ ತುರ್ತು ಕರೆ ಮಾಡುವಾಗ ಅದು ಬೇಕಾಗುತ್ತದೆ, ಸರಿ. ಉಳಿದಂತೆ ಅದನ್ನು ಬಳಸುವ ಕಂಪನಿ ತನ್ನ ಗ್ರಾಹಕನಿಗೆ ಆ ವಿಷಯ ತಿಳಿಸಲೇಬೇಕು.