ಮೊದಲು ಊಹಿಸಲಿ, ಆಮೇಲೆ ನೋಡಲಿ

ತುಮಕೂರಿನ ಮರಳೂರು ಕಡೆಯ ವಿಜ್ಞಾನ ಶಿಕ್ಷಕಿಯೊಬ್ಬರು ಕೇಳಿದ್ದಾರೆ: "ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಆದರೆ 'ಏಕೆ' ಎಂದು ಕೇಳಿದರೆ ಮೊದಲಿನ ಹಾಗೇ ತಡವರಿಸುತ್ತಾರೆ. ಹೊಸ ಬೋಧನಾ ಕ್ರಮಗಳ ಬಗ್ಗೆ ಸಂಶೋಧನೆ ಏನು ಹೇಳುತ್ತದೆ?"

ಅವರಿಗೆ ಬಂದ ಅನುಮಾನವೇ ಮೂರು ದಶಕಗಳ ಹಿಂದೆ ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರಿಗೂ ಬಂದಿತ್ತು. ಅವರ ಪಾಠವೆಂದರೆ ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಕಷ್ಟದ ಲೆಕ್ಕಗಳನ್ನೂ ಹುಡುಗರು ಸಲೀಸಾಗಿ ಬಿಡಿಸುತ್ತಿದ್ದರು. ಅಷ್ಟರಲ್ಲಿ ಅರಿಜೋನಾದ ಹಲೂನ್ ಮತ್ತು ಹೆಸ್ಟೆನಿಸ್ 1985ರಲ್ಲಿ ಪ್ರಕಟಿಸಿದ್ದ ಪ್ರಬಂಧಗಳು ಮಜೂರ್ ಕಣ್ಣಿಗೆ ಬಿದ್ದವು. ಸೂತ್ರವಿಲ್ಲದ, ದಿನನಿತ್ಯದ ಮಾತಿನ ಪ್ರಶ್ನೆಗಳನ್ನು ಕೇಳಿ ಬಲ, ಚಲನೆಗಳ ತಿಳಿವಳಿಕೆಯನ್ನು ಅಳೆಯುವ ಪರೀಕ್ಷೆ ಅವುಗಳಲ್ಲಿತ್ತು. ತಮ್ಮ ತರಗತಿಗೇ ಅದನ್ನು ಕೊಟ್ಟು ನೋಡಿದರೆ, ಒಬ್ಬ ವಿದ್ಯಾರ್ಥಿನಿ ಎದ್ದುನಿಂತು ಕೇಳಿದಳಂತೆ: ನೀವು ಕಲಿಸಿದ ಹಾಗೆ ಬರೆಯಲೋ, ನನಗೆ ಅನ್ನಿಸುವ ಹಾಗೆ ಬರೆಯಲೋ? ನನ್ನ ಮಟ್ಟಿಗೆ ವಿಜ್ಞಾನ ಶಿಕ್ಷಣದ ಇಡೀ ಸಮಸ್ಯೆ ಆ ಒಂದು ಪ್ರಶ್ನೆಯಲ್ಲಿದೆ. 1991ರಿಂದ ಮಜೂರ್ ಪಾಠದ ನಡುವೆ ಪ್ರಶ್ನೆ ಕೇಳಿ, ಅಕ್ಕಪಕ್ಕದವರು ಪರಸ್ಪರ ವಾದಿಸಲು ಬಿಡತೊಡಗಿದರು.

2004ರಲ್ಲಿ ಕ್ಯಾಥರೀನ್ ಕ್ರೌಚ್ ಮತ್ತು ಮಜೂರ್ ತಂಡ ಇನ್ನೊಂದು ಸಂಗತಿಯನ್ನು ಪರೀಕ್ಷಿಸಿತು. ತರಗತಿಯಲ್ಲಿ ಪ್ರಯೋಗ ಮಾಡಿ ತೋರಿಸಿದರೆ ವಿದ್ಯಾರ್ಥಿಗಳಿಗೆ ಎಷ್ಟು ಅರ್ಥವಾಗುತ್ತದೆ? ಸುಮ್ಮನೆ ನೋಡಿದವರಿಗೂ, ನೋಡದೇ ಇದ್ದವರಿಗೂ ತಿಳಿವಳಿಕೆಯಲ್ಲಿ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ. ಏನಾಗಬಹುದೆಂದು ಮೊದಲೇ ಊಹಿಸಿ, ನಂತರ ನೋಡಿದವರು ಮಾತ್ರ ಮುಂದಿದ್ದರು. ಊಹಿಸಲು ಬೇಕಾದದ್ದು ಒಂದೆರಡು ನಿಮಿಷ. ಹತ್ತಾರು ಸಾವಿರ ರೂಪಾಯಿಯ ಪರದೆ ಮಾಡದ ಕೆಲಸವನ್ನು ಆ ಒಂದೆರಡು ನಿಮಿಷ ಮಾಡುತ್ತದೆ. ಸ್ಮಾರ್ಟ್ ಬೋರ್ಡ್ ಬಂದೊಡನೆ ವಿಜ್ಞಾನ ಕಲಿಕೆ ಬದಲಾಯಿತು ಎನ್ನುವ ಪ್ರಚಾರವನ್ನು ನಾನು ನಂಬದಿರುವುದು ಇದಕ್ಕೇ. 2014ರಲ್ಲಿ ಸ್ಕಾಟ್ ಫ್ರೀಮನ್ ತಂಡ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಬರೀ ಉಪನ್ಯಾಸ ಕೇಳಿದ ಕಾಲೇಜು ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ನಪಾಸಾದರೆ, ತಾವೇ ಯೋಚಿಸಿ, ಚರ್ಚಿಸಿ ಕಲಿತವರಲ್ಲಿ ಸುಮಾರು 22.

ನಮ್ಮಲ್ಲೂ ಇದು ಹೊಸ ಮಾತಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲೇ 16 ಹಳ್ಳಿಶಾಲೆಗಳ ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯತೊಡಗಿದ್ದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಿಂದ ಕನ್ನಡದಲ್ಲಿ ವಿಜ್ಞಾನ ಹರಡಲು ದುಡಿಯುತ್ತಿದೆ.

ಮರಳೂರಿನ ಶಾಲೆಗೆ ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲು ಸಾಕು. ಅಂಗಳದಲ್ಲಿ ನಿಲ್ಲಿಸುವ ಮೊದಲು ಕೇಳಿ: ಜೂನ್ 21ರ ಮಧ್ಯಾಹ್ನ ನೆರಳು ಯಾವ ಕಡೆಗೆ ಬೀಳುತ್ತದೆ? ಬಹುಪಾಲು ಮಕ್ಕಳು "ನೆರಳೇ ಇರುವುದಿಲ್ಲ, ಸೂರ್ಯ ನೆತ್ತಿಯ ಮೇಲಿರುತ್ತಾನೆ" ಎನ್ನಬಹುದು. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಪಕ್ಕದವರ ಜೊತೆ ವಾದ ಮಾಡಲಿ, ಆಮೇಲೆ ಹೊರಗೆ ಕರೆದೊಯ್ಯಿರಿ. ನೆರಳು ಸುಮಾರು 18 ಸೆಂಟಿಮೀಟರ್ ಉದ್ದಕ್ಕೆ ತೆಂಕಣಕ್ಕೆ ಬಿದ್ದಿರುತ್ತದೆ. ಡಿಸೆಂಬರ್ 21ಕ್ಕೆ ಅದೇ ಕೋಲಿನ ನೆರಳು ಬಡಗಣಕ್ಕೆ, ಸುಮಾರು 75 ಸೆಂಟಿಮೀಟರ್. ಅಳೆಯಬೇಕಾದದ್ದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತರ ಆಸುಪಾಸಿಗೆ. ನಮ್ಮ ಗಡಿಯಾರಗಳು ಪ್ರಯಾಗ್‌ರಾಜ್ ಬಳಿ ಹಾದುಹೋಗುವ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತವೆ, ತುಮಕೂರು ಅದಕ್ಕಿಂತ ಪಶ್ಚಿಮಕ್ಕಿದೆ.

ತುಮಕೂರಿನ ನೆತ್ತಿಗೆ ಸೂರ್ಯ ನಿಜಕ್ಕೂ ಬರುವುದು ವರ್ಷದಲ್ಲಿ ಎರಡೇ ದಿನ, ಏಪ್ರಿಲ್ 25 ಮತ್ತು ಆಗಸ್ಟ್ 17ರ ಸುಮಾರಿಗೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಮೋಡವೂ ಇರುತ್ತದೆ. ಆದರೆ ಆ ದಿನಗಳಲ್ಲಿ ಮೀಟರ್ ಕೋಲಿನ ನೆರಳು ದಿನಕ್ಕೆ ಬದಲಾಗುವುದು ಅರ್ಧ ಸೆಂಟಿಮೀಟರ್‌ನಷ್ಟು ಮಾತ್ರ. ಆದ್ದರಿಂದ ಒಂದು ದಿನ ಹಿಂದೆಮುಂದೆ ನೋಡಿದರೂ ತೊಂದರೆಯಿಲ್ಲ. ಇನ್ನೂ ಒಂದು ಪ್ರಶ್ನೆಯನ್ನು ಮಕ್ಕಳ ಮುಂದಿಡಿ: ಅದೇ ದಿನ, ಅದೇ ಹೊತ್ತಿಗೆ ಕುಣಿಗಲ್‌ನಲ್ಲೂ ನೆರಳು ಮಾಯವಾಗುತ್ತದೆಯೇ? ಕುಣಿಗಲ್ ತೆಂಕಣಕ್ಕಿರುವುದರಿಂದ ಏಪ್ರಿಲ್‌ನಲ್ಲಿ ಅಲ್ಲಿಗೆ ಒಂದು ದಿನ ಮೊದಲು, ಆಗಸ್ಟ್‌ನಲ್ಲಿ ಒಂದು ದಿನ ತಡವಾಗಿ ಸೂರ್ಯ ನೆತ್ತಿಗೆ ಬರುತ್ತಾನೆ. ಅಲ್ಲಿನ ಶಾಲೆಯ ಮಕ್ಕಳಿಗೆ ಫೋನ್ ಮಾಡಿ ನೆರಳಿನ ಅಳತೆ ಕೇಳಿ, ಎರಡು ಊರುಗಳ ನಡುವಿನ ತೆಂಕಣ-ಬಡಗಣ ದೂರವನ್ನೂ ತಿಳಿದುಕೊಂಡರೆ, ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಎರಟೋಸ್ತನೀಸ್ ಭೂಮಿಯ ಸುತ್ತಳತೆ ಹಾಕಿದ ಲೆಕ್ಕವನ್ನು ಎಂಟನೇ ತರಗತಿಯಲ್ಲೇ ಮಾಡಬಹುದು.